ಸಣ್ಣ ಪ್ಲೇಟಿನ ಮೂರನೆಯ ನುಡಿ

ಗೋಪಿಕಾಬಾಯಿ ಹಪ್ಪಳ ಕರಿಯಬೇಕೆಂದು ಡಬ್ಬಿಗೆ ಕೈ ಹಾಕಿದರೆ ಕೈಗೆ ಬಂದದ್ದು ಕುಟುಂಬ ಯೋಜನೆಯ ಹಾಡು.

ಹಪ್ಪಳದಷ್ಟೇ ಅಗಲದ ಕರಿಯ ಗ್ರಾಮಫೋನ್ ಪ್ಲೇಟು. ಅದರ ಕೆಳಗೆ ಇನ್ನೊಂದು, ಯಾವುದೋ ಕಾಲದ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಅಭ್ಯರ್ಥಿಯ ಪ್ರಚಾರಗೀತೆ. ಅದರ ಕೆಳಗೆ ಹಲ್ಲಿನ ಪುಡಿಯ ಜಾಹೀರಾತು. ಹೊರಗೆ ಬೀಗರು ತಾಟಿನ ಮುಂದೆ ಕುಳಿತಿದ್ದರು.

"ಏನ್ರಿ, ಎಣ್ಣಿ ಕಾದದ," ಎಂದು ಗೋಪಿಕಾಬಾಯಿ ಒಳಗಿನಿಂದಲೇ ಕೂಗಿದರು. "ಚುನಾವಣಿ ಕರೀಲೋ, ಹಲ್ಲಿನ ಪುಡಿ ಕರೀಲೋ?"

ರಾಘವೇಂದ್ರರಾಯರು ಕಲಸಿದ ಅನ್ನ ಬಿಟ್ಟು ಓಡಿಬಂದರು. "ಅಯ್ಯಯ್ಯ, ಒಲಿ ಹತ್ರ ತರಬ್ಯಾಡ, ಡೊಂಕ ಆಗ್ತಾವ! ಹಪ್ಪಳಾ ಮಿಕ್ಸರಿನ ಹಿಂದ ಇಟ್ಟೀನಿ. ಈ ಡಬ್ಬಿಯೊಳಗ ಗಾಳಿ ಆಡೂದಿಲ್ಲ, ಅದಕ್ಕ..."

"ಅಂದ್ರ ಹಪ್ಪಳಕ್ಕ ಗಾಳಿ ಆಡಬಹುದು?"

ಬೀಗರು ಅಂದು ಮೆತ್ತಗಿನ ಹಪ್ಪಳ ತಿಂದು, ಛಂದ ಆಗ್ಯಾವ ಎಂದು ಹೇಳಿ ಹೋದರು. ಬೀಗರೆಂದರೆ ಹಾಗೇ ಇರಬೇಕು.

ನೀರಾವರಿ ಖಾತೆಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ರಾಯರಿಗೆ ಇದೊಂದೇ ಚಟ. ಹಾಡಿನ ಪ್ಲೇಟು ಕೂಡಿಸುವವರು ಸೋಲಾಪುರದಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದಾರೆ. ಅವರೆಲ್ಲ ದೊಡ್ಡ ಪ್ಲೇಟು, ದೊಡ್ಡ ಹೆಸರು ಕೂಡಿಸುವ ದೊಡ್ಡವರು. ರಾಯರು ಸಣ್ಣ ಪ್ಲೇಟಿನವರು. ಅದರಲ್ಲೂ ಯಾರಿಗೂ ಬೇಡವಾದದ್ದು, ಒಂದೇ ಒಂದು ಹಾಡು ಹಾಡಿ ಮತ್ತೆಂದೂ ಕಾಣಿಸದೆ ಹೋದವರದ್ದು. ಮಂಗಳವಾರದ ಬಾಜಾರದಲ್ಲಿ ಜುನಾ ಹಳೆ ಸಾಮಾನು ಮಾರುವವರು ರಾಯರ ಕೊಡೆ ದೂರದಲ್ಲಿ ಕಂಡಕೂಡಲೇ ಕಸಕ್ಕೆ ಎಸೆದದ್ದನ್ನೂ ಎತ್ತಿ ಒರೆಸಿ ಮುಂದಿಡುತ್ತಿದ್ದರು.

ಇಷ್ಟೆಲ್ಲ ಕೂಡಿಸಿದರೂ ರಾಯರು ನಿಜವಾಗಿ ಹುಡುಕುತ್ತಿದ್ದದ್ದು ಒಂದೇ ಪ್ಲೇಟು. ಅವರಿಗೆ ಒಂಬತ್ತು ವರ್ಷವಿದ್ದಾಗ ಓಣಿಯ ತುದಿಯ ಚಹಾದ ಹೋಟೆಲಿನಲ್ಲಿ ಒಂದು ಬೇಸಿಗೆ ಪೂರ್ತಿ ದಿನಾ ಬೆಳಿಗ್ಗೆ ಅದನ್ನು ಹಚ್ಚುತ್ತಿದ್ದರು. ಯಾರೋ ಹುಡುಗಿ ಹಾಡಿದ ಪಂಚಮಿಯ ಜೋಕಾಲಿ ಹಾಡು.

ಜೀಕು ಜೀಕು ಜೋಕಾಲಿ,
ಮ್ಯಾಲ ಹೋದರ ಮುಗಿಲು, ಕೆಳಗ ಬಂದರ ಮಣ್ಣು.

ಇದು ಮೊದಲನೆಯ ನುಡಿ. ಎರಡನೆಯದು, "ಹಗ್ಗಾ ಹಿಡದವರ್ಯಾರು, ತೂಗಿ ಬಿಟ್ಟವರ್ಯಾರು." ಇನ್ನು ಮೂರನೆಯದು ಶುರುವಾಗಬೇಕು, ಅಷ್ಟರಲ್ಲಿ ಏಳು ಗಂಟೆಯ ಪಾಳಿಗೆ ಗಿರಣಿಯ ಭೋಂಗಾ ಕೂಗುತ್ತಿತ್ತು. ಭೋಂಗಾ ಕೂಗಿದರೆ ಪಕ್ಕದಲ್ಲಿ ನಿಂತವನು ಬೈದರೂ ಕೇಳುತ್ತಿರಲಿಲ್ಲ. ಅದು ನಿಲ್ಲುವಷ್ಟರಲ್ಲಿ ಹಾಡು ಮುಗಿದು, ಗಿರಣಿಯವರು ಎದ್ದು ಹೋಗಿ, ಹೋಟೆಲಿನವನು ಮಷೀನಿನ ಮೇಲೆ ಟಾವೆಲ್ ಮುಚ್ಚಿರುತ್ತಿದ್ದ. ಕಡೆಗೆ ಗಿರಣಿ ಮುಚ್ಚಿತು, ಭೋಂಗಾ ಹೋಯಿತು, ಹೋಟೆಲಿದ್ದಲ್ಲಿ ಮೊಬೈಲಿನ ಅಂಗಡಿ ಬಂತು. ಹಗ್ಗ ಹಿಡಿದವರು ಯಾರು ಎಂಬುದು ಮಾತ್ರ ರಾಯರಿಗೆ ಐವತ್ತು ವರ್ಷವಾದರೂ ತಿಳಿಯಲಿಲ್ಲ.

"ಸಾಯೂದ್ರೊಳಗ ಮಂದಿ ಕಾಶಿಗೆ ಹೋಗಬೇಕಂತಾರ," ಎನ್ನುತ್ತಿದ್ದರು ಗೋಪಿಕಾಬಾಯಿ. "ನಿಮಗ ಮೂರನೇ ನುಡಿ ಬೇಕು. ಇರಲಿ, ಖರ್ಚು ಕಡಿಮಿ."

ಒಂದು ಮಂಗಳವಾರ ಬಾಜಾರದಲ್ಲಿ ಪೀರಪ್ಪನೆಂಬ ಮುದುಕ ಸಿಕ್ಕ. ಒಂದು ಕಾಲಕ್ಕೆ ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಲಗ್ನಕ್ಕೆಲ್ಲ ಮೈಕ್ ಸೆಟ್ ಹಚ್ಚಿದವನು. ಆ ಸೆಟ್ಟಿನ ದೊಡ್ಡ ಬಾಯಿಯ ಕರ್ಣಿ ಮಾರಲು ತಂದಿದ್ದ. ರಾಯರು ರೂಢಿಯಂತೆ ಎರಡು ಸಾಲು ಹಾಡಿ, ಇದು ಗೊತ್ತದ ಏನು ಎಂದು ಕೇಳಿದರು.

"ಇದಾ? ಇದು ಕುರನೂರ ಅಜ್ಜಾರ ಹಾಡಲ್ರಿ!" ಎಂದ ಪೀರಪ್ಪ, ಎರಡೂ ಕೈ ಹಣೆಗೆ ಮುಟ್ಟಿಸಿ. "ವಾಗದರ್ಯಾಗ ಅಮೃತಪ್ಪಗೌಡರ ಮನ್ಯಾಗ ಆ ಪ್ಲೇಟ ಐತಿ. ದೇವರ ಜಗಲಿ ಮ್ಯಾಲ ಇಟ್ಟಾರ. ನೀವ್ಯಾಕ ಇಷ್ಟ ಘಾಯಿ ಗಡಿಬಿಡಿ ಮಾಡಿ ಹಾಡತೀರಿ? ಅಜ್ಜಾರ ಹಿಂಗ ಹಾಡ್ಯಾರ ನೋಡ್ರಿ." ಎಂದು ಬಾವಿಯೊಳಗಿಂದ ಬಂದಂಥ ದನಿಯಲ್ಲಿ, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಳ್ಳುತ್ತ ಹಾಡಿ ತೋರಿಸಿದ. "ನನ್ನ ಮಷೀನಿನ ಓಟಾ ಬದಲಿಸೂ ಕಡ್ಡಿ ಮೂವತ್ಮೂರರ ಮ್ಯಾಲ ಜಂಗ ಹಿಡದ ಕುಂತಿತ್ತರಿ. ದೊಡ್ಡ ಪ್ಲೇಟ, ಸಣ್ಣ ಪ್ಲೇಟ, ಎಲ್ಲಾ ಅದರ ಮ್ಯಾಲ. ಟಾಕೀಸಿಗೆ ಹೋಗಿಬಂದ ಮಂದಿ ಹೇಳತಿದ್ರು, ಪೀರಪ್ಪ, ಸೋಲಾಪುರದಾಗ ಹಾಡವರಿಗೆ ಭಾಳ ಅವಸರಪಾ, ನಿನ್ನ ಮಷೀನ ಬರೋಬರಿ ಐತಿ, ಅಂತ."

ಬುದ್ಧಿವಂತನಾದವನಿಗೆ ಇಷ್ಟು ಸಾಕಾಗಿತ್ತು. ರಾಯರಿಗೆ ಸಾಕಾಗಲಿಲ್ಲ. ಹುಡುಗಿ ಹಾಡಿದ್ದನ್ನೇ ಯಾರೋ ಅಜ್ಜ ಕೂಡ ಹಾಡಿದ್ದಾನೆ, ಅಂದರೆ ಇದು ಇನ್ನೂ ಅಪರೂಪದ ಪ್ಲೇಟು ಎಂದು ಲೆಕ್ಕ ಹಾಕಿ, ಮುಂದಿನ ಸೋಮವಾರವೇ ಹೊರಟರು. ಅಜ್ಜ ಹಾಡಿದ್ದರೂ ಮೂರನೆಯ ನುಡಿ ಮೂರನೆಯ ನುಡಿಯೇ.

"ಅಕ್ಕಲಕೋಟಿ ಮ್ಯಾಲ ಹಾದು ದರ್ಶನಾ ಮಾಡಲಾರ್ದ ಬಂದ್ರ ಬಾಗಲಾ ತೆಗಿಯೂದಿಲ್ಲ," ಎಂದು ಗೋಪಿಕಾಬಾಯಿ ಹೇಳಿ ಕಳಿಸಿದ್ದರು. ಹೀಗಾಗಿ ಅಕ್ಕಲಕೋಟೆಯಲ್ಲಿ ಬಸ್ಸಿಳಿದು ಗುಡಿಗೆ ಹೋಗಿ, ಹಾರ, ತೆಂಗಿನಕಾಯಿ, ಪ್ರಸಾದದ ಪೊಟ್ಟಣ ಹಿಡಿದು, ಹಣೆಗೆ ದೊಡ್ಡ ಗಂಧ ಹಚ್ಚಿಕೊಂಡು, ಹದಿನಾಲ್ಕು ಮಂದಿಯನ್ನು ತುಂಬಿದ ವಡಾಪ್ ಜೀಪಿನಲ್ಲಿ ರಾಯರು ವಾಗದರಿಗೆ ಬಂದಿಳಿದರು. ತೊಡೆಯ ಮೇಲೆ ಸೂಟ್‌ಕೇಸಿನಂಥ ಹಾಡಿನ ಮಷೀನು. ಧೂಳು ಬೀಳಬಾರದೆಂದು ಅದಕ್ಕೆ ಹೊಸ ಬಿಳಿ ಧೋತರ ಸುತ್ತಿದ್ದರು.

ಹಾರ, ಕಾಯಿ, ಗಂಧ, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟು. ಬಾಗಿಲಲ್ಲಿ ನಿಂತಿದ್ದ ಗೌಡರ ಸೊಸೆ ನಂದಾ ಇನ್ನೇನು ತಿಳಿದಾಳು?

"ಅಜ್ಜಾರ ದರ್ಶನಕ್ಕ ಬಂದೀರೇನ್ರಿ? ಬರ್ರಿ, ಬರ್ರಿ. ಕಾಲಿಗಿ ನೀರ ತರತೀನಿ."

"ಹೌದವಾ, ಅವರ ಸಲುವಾಗೇ," ಎಂದರು ರಾಯರು. ಪ್ಲೇಟನ್ನು ನೋಡಲು ಬಿಡುತ್ತಾರೆಂಬ ಆಸೆಗೆ ಅಷ್ಟು ಹೇಳಿದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಐವತ್ತು ವರ್ಷದಿಂದ ಹುಡುಕಲಿಕ್ಕತ್ತೀನಿ."

ನಂದಾ ನೀರಿನ ತಂಬಿಗೆಯನ್ನು ಅಲ್ಲೇ ಇಟ್ಟು ಮಾವನನ್ನು ಕರೆಯಲು ಓಡಿದಳು.

ಜಗಲಿಯ ಮೇಲೆ ದೇವರ ಫೋಟೋಗಳ ನಡುವೆ ಕೆಂಪು ಖಣದ ಮೇಲೆ ಪ್ಲೇಟು ಕೂತಿತ್ತು. ಅಪರೂಪದ ಪ್ಲೇಟು ಕಂಡರೆ ಮಂಡಿಯೂರಿ, ತಲೆ ತಗ್ಗಿಸಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಅಡ್ಡವಾಗಿ ಗೆರೆ ನೋಡುವುದು ಕೂಡಿಸುವವರ ಪದ್ಧತಿ. ರಾಯರು ಹಾಗೇ ಮಾಡಿದರು. ಐವತ್ತು ವರ್ಷದ ಪ್ಲೇಟಿನ ಗೆರೆಯಲ್ಲಿ ಒಂದು ಕಣ ಧೂಳಿಲ್ಲ! ಗಂಧವೆಲ್ಲ ನಡುವಿನ ಕಾಗದದ ಮೇಲೆ, ದೋಸೆಯಷ್ಟು ದಪ್ಪ. ಗೆರೆಗೆ ಮಾತ್ರ ಸ್ವಲ್ಪವೂ ತಾಗಿಲ್ಲ. ಸಂತೋಷಕ್ಕೆ ರಾಯರ ಕಣ್ಣಲ್ಲಿ ನೀರು ಬಂತು.

"ನೋಡ್ರಿ ಮಾವಾರ, ಅಡ್ಡಬಿದ್ದ ಅಳಾಕತ್ತಾರ," ಎಂದು ಪಿಸುಗುಟ್ಟಿದಳು ನಂದಾ.

ಎಪ್ಪತ್ತೈದು ದಾಟಿದ ಅಮೃತಪ್ಪಗೌಡರು ಮೀಸೆಯೊಳಗೇ ಏನನ್ನೋ ನುಂಗಿಕೊಂಡು, "ಅಳಲಿ ಬಿಡು, ತಡೀಬ್ಯಾಡ," ಎಂದರು.

"ಗೌಡ್ರ, ಇಷ್ಟು ಜೋಪಾನ ಯಾರು ಮಾಡ್ಯಾರ?"

"ಆಜೋಬಾನ ಮಾಡತಾರ," ಎಂದು ಮೊಮ್ಮಗಳು ಸೋನಾಲಿ ಗೌಡರ ಕಡೆ ಕೈ ಮಾಡಿ ನಡುವೆ ಬಾಯಿ ಹಾಕಿದಳು. ಅಕ್ಕಲಕೋಟೆಯ ಕಾಲೇಜಿಗೆ ಹೋಗುವ ಹುಡುಗಿ. "ಸೋಮಾರಕ್ಕೊಮ್ಮಿ ಗಂಧ ಹಚ್ಚತಾರ, ನಮಗ ಮುಟ್ಟಗೊಡೂದಿಲ್ಲ. ಕೆಳಗ ಕನ್ನಡದಾಗ ಏನೋ ಬರದೈತಂತ. ನಮ್ದು ಪಪ್ಪಾಂದು ಮರಾಠಿ ಸಾಲಿರಿ, ನಮಗ ವಾಚಾಯಲಾ ಯೇತ ನಾಹಿ, ಓದಾಕ ಬರೂದಿಲ್ಲ."

ಹಾಡಿನ ಮಷೀನು ಬಂದಿದೆ ಎಂಬ ಸುದ್ದಿ ಅರ್ಧ ತಾಸಿನಲ್ಲಿ ಊರು ತುಂಬಿತು. ಪೀರಪ್ಪನ ಮಷೀನು ಕೆಟ್ಟು ಮೂವತ್ತು ವರ್ಷವಾಗಿತ್ತು, ಅಜ್ಜಾರ ದನಿ ಕೇಳಿ ಅಷ್ಟೇ ವರ್ಷ. ಪಡಸಾಲೆ ತುಂಬಿ ಅಂಗಳ ತುಂಬಿತು. ನೆರೆಮನೆಯ ಬೀರವ್ವ ನೋಯುವ ಮೊಣಕಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದವಳಂತೆ ಬಂದು ಮೊದಲು ರಾಯರ ಕಾಲು ಮುಟ್ಟಿದಳು. ರಾಯರು ಹಿಂದೆ ಸರಿದು ತಾವೂ ಅವಳ ಕಾಲು ಮುಟ್ಟಿದರು. ಅದನ್ನು ನೋಡಿ ಊರವರು, ಎಂಥಾ ನಿಗರ್ವಿ ಮನಷ್ಯಾ ಎಂದರು. ಗೌಡರ ಮಗ ಗುರುನಾಥ ಶಾಲು, ಕಾಯಿ ತಂದ. ಸೋಲಾಪುರ ಜಿಲ್ಲೆಯಲ್ಲಿ ಯಾರಿಗಾದರೂ ಯಾವುದಕ್ಕಾದರೂ ಸತ್ಕಾರ ಆಗದೆ ಬಿಡುವುದಿಲ್ಲ. ರಾಯರಿಗೆ ನಿವೃತ್ತಿಯ ದಿನವೂ ಸಿಕ್ಕದ ಶಾಲು ಇಲ್ಲಿ ಸಿಕ್ಕಿತು.

ಭಜನೆಯ ಅಮೋಗಸಿದ್ಧ ಎದ್ದು ನಿಂತು ಹಾಡಿನ ಅರ್ಥ ಬಿಡಿಸಿದ. "ಜೋಕಾಲಿ ಅಂದ್ರೇನಪಾ? ಸಂಸಾರ. ಮ್ಯಾಲ ಹೋಗೂದ ಸಾವು, ಕೆಳಗ ಬರೂದ ಹುಟ್ಟು. ಹಗ್ಗಾ ಹಿಡದವರ್ಯಾರು ಅಂತ ಅಜ್ಜಾರು ಮುಂದ ಕೇಳೇ ಕೇಳತಾರ. ಯಾರು, ಯಾರು, ಯಾರು! ನಾವು ಹೇಳತನಕ ಬಿಡೂದಿಲ್ಲ. ಐವತ್ತ ವರ್ಷ ಆತು, ಉತ್ತರಾ ಸಿಕ್ಕಿಲ್ಲ."

ರಾಯರು ಮಷೀನು ಬಿಚ್ಚಿ, ಪ್ಲೇಟು ಇಟ್ಟು, ರೂಢಿಯಂತೆ ಕಡ್ಡಿಯನ್ನು ನಲವತ್ತೈದಕ್ಕೆ ತಳ್ಳಿದರು. ತಳ್ಳಿದ ಕೈ ಅಲ್ಲೇ ನಿಂತಿತು. ಸಣ್ಣ ಪ್ಲೇಟು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕು. ಪೀರಪ್ಪನ ಮಷೀನು ಮೂವತ್ಮೂರೇ ತಿರುಗಿಸಿತ್ತು. ಓಟ ಕುಗ್ಗಿದರೆ ದನಿಯೂ ಕುಗ್ಗುತ್ತದೆ. ಹಾಗೆ ಕುಗ್ಗಿ ಕುಗ್ಗಿ, ಹುಡುಗಿ ಗಂಡಸಾಗಿ, ಗಂಡಸು ಅಜ್ಜನಾಗಿ, ಅಜ್ಜ ಜಗಲಿ ಏರಿ ಕೂತಿದ್ದ!

"ಅಲ್ರಿ, ಇದು ಅಜ್ಜಾರದಲ್ಲ, ಇದು..." ಎಂದು ರಾಯರು ಬಾಯಿ ತೆರೆದರು.

"ರಾಯರ!" ಅಡುಗೆಮನೆಯಿಂದ ದಪ್ಪ ದನಿಯೊಂದು ಬಂತು. "ಮದಲ ಒಳಗ ಬಂದ ಮಜ್ಜಗಿ ಕುಡದ ಹೋಗ್ರಿ."

ಒಳಗೆ ಗೌಡರ ಹೆಂಡತಿ ಕಲ್ಯಾಣಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ಮಜ್ಜಿಗೆಯ ಗ್ಲಾಸು ಕೊಡುವ ಗಡಿಬಿಡಿಯಲ್ಲಿ ಅರ್ಧ ಚೆಲ್ಲಿತು.

"ಅಣ್ಣಾರ, ನಿಮ್ಮ ಮಷೀನಿನ್ಯಾಗ ಸಾವಕಾಶದ್ದೂ ಐತಲ್ರಿ? ಅದರಾಗ ಹಚ್ಚರಿ. ಕೈ ಮುಗೀತೀನಿ."

"ಅಕ್ಕಾರ, ಅದು ತಪ್ಪು ಓಟ. ಹಾಡಾಕಿ ಒಬ್ಬಾಕಿ ಹುಡುಗಿ..."

"ಗೊತ್ತೈತ್ರಿ. ನಾನ ಆಕಿ."

ಉಳಿದರ್ಧ ಮಜ್ಜಿಗೆಯನ್ನು ರಾಯರು ಚೆಲ್ಲಿದರು.

ಕಲ್ಯಾಣಮ್ಮ ಬಾಗಿಲ ಕಡೆ ಒಂದು ಕಣ್ಣಿಟ್ಟು ಗಡಬಡಿಸಿ ಹೇಳಿ ಮುಗಿಸಿದರು. ಕುರನೂರ ಹುಡುಗಿ, ಹದಿನಾರು ವರ್ಷ. ಸೋಲಾಪುರದ ಸೋದರಮಾವ ಯಾವುದೋ ಸಣ್ಣ ಕಂಪನಿಯವರ ಮುಂದೆ ಹಾಡಿಸಿದ. ಅವರು ನಾಲ್ಕು ಪ್ಲೇಟು ಕೈಗೆ ಕೊಟ್ಟು ಹೋದವರು ಮತ್ತೆ ಬರಲಿಲ್ಲ. ಮರುವರ್ಷ ಲಗ್ನ. ಗಂಡನ ಅಪ್ಪ, ಮಾವ ಶಿವಶರಣಪ್ಪಗೌಡರೆಂದರೆ ಹೆಣ್ಣುಮಕ್ಕಳ ಬಳೆಯ ಸದ್ದೂ ಪಡಸಾಲೆಗೆ ಬರಬಾರದು ಎನ್ನುವವರು. ಲಗ್ನದ ಗದ್ದಲದಲ್ಲಿ ಯಾರೋ ಸೊಸೆಯ ಟ್ರಂಕಿನಿಂದ ಪ್ಲೇಟು ತೆಗೆದು ಪೀರಪ್ಪನ ಕೈಗೆ ಕೊಟ್ಟೇಬಿಟ್ಟರು.

"ನನ್ನ ಜೀವಾ ಹಾರಿ ಹೋಗಿತ್ರಿ. ಬಂದದ್ದ ನೋಡಿದ್ರ ಗಂಡಸಿನ ದನಿ! ಮಾವಾರು ಕೇಳಿದ್ರು, ಇವರ್ಯಾರವಾ ಅಂತ. ಬಾಯಿಗಿ ಬಂದದ್ದ ಹೇಳಿದ್ನಿ, ನಮ್ಮೂರ ಅಜ್ಜಾರರಿ ಅಂತ. ಮಾವಾರು ಟೊಪಿಗಿ ತಗದ ಕೈ ಮುಗದ್ರು. ಮುಂದ ನಾಯೇನ ಮಾಡ್ಲಿ?"

"ಮಾವಾರು ಈಗ ಇಲ್ಲಲ್ಲ? ಈಗ್ಯಾರ ಅಂಜಿಕಿ?"

"ನಮ್ಮ ಯಜಮಾನ್ರು ಐವತ್ತ ವರ್ಷ ಗಂಧ ಹಚ್ಚ್ಯಾರ. ಅವರಿಗಿ ಯಾ ಮಾರಿ ತೋರಸಲಿ?" ಕಲ್ಯಾಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಲ್ರಿ, ಹುಡುಗಿ ದನಿ ಅಂತ ನಿಮಗ ಹೆಂಗ ಗೊತ್ತಾತು?"

"ನಮ್ಮ ಓಣಿ ಹೋಟೆಲಿನ್ಯಾಗ ದಿನಾ ಹಚ್ಚತಿದ್ರು. ಒಂದು ಬೇಸಗಿ ಪೂರಾ."

"ಸೋಲಾಪುರದಾಗ? ನನ್ನ ಹಾಡು?" ಕಲ್ಯಾಣಮ್ಮನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. "ಮಂದಿ ಕೇಳತಿದ್ರೇನ್ರಿ?"

"ಗಿರಣಿ ಮಂದಿ ಚಹಾ ಬಸಿಯೊಳಗ ಆರಿಸಿಕೋತ ಕೇಳತಿದ್ರು. ನಾ ಹಾಲು ತರಲಿಕ್ಕೆ ಹೋದಾಂವ ಹಾಲು ಒಡಿಯೂತನಾ ನಿಂದರತಿದ್ದೆ. ಮೂರನೇ ನುಡಿ ಮಾತ್ರ ಭೋಂಗಾ ನುಂಗತಿತ್ತು. ಅದೊಂದು ಕೇಳಬೇಕಂತ ಬಂದೀನಿ ಅಕ್ಕಾರ."

"ಅದ ಬರೂದಿಲ್ಲರಿ. ಲಗ್ನದ ದಿನಾನ ಗೀರ ಬಿದ್ದೈತಿ, ಅಲ್ಲೇ ಮುಳ್ಳ ಸಿಗತೈತಿ. ಹೋಗ್ರಿ, ಮಂದಿ ಕಾಯಾಕತ್ಯಾರ. ಸಾವಕಾಶದ್ದರಿ, ಮರೀಬ್ಯಾಡ್ರಿ!"

ರಾಯರು ಹೊರಗೆ ಬಂದಾಗ ಅವರ ಮುಖ ಕಂಡು ಬೀರವ್ವ, "ಅಜ್ಜಾರು ಮೈಯಾಗ ಬಂದಾರೇನೋ," ಎಂದಳು. ಮೈಯೊಳಗೆ ಯಾರೂ ಬಂದಿರಲಿಲ್ಲ. ಐವತ್ತು ವರ್ಷದ ಆಸೆ ಹೊರಗೆ ಹೋಗಿತ್ತು, ಅಷ್ಟೇ. ರಾಯರು ಕಡ್ಡಿಯನ್ನು ಮೂವತ್ಮೂರಕ್ಕೆ ಎಳೆದು ಮುಳ್ಳು ಇಟ್ಟರು.

ಕರಕರ ಎಂದು, ಬಾವಿಯ ತಳದಿಂದ ಅಜ್ಜಾರು ಎದ್ದರು. "ಜೀಕೂ... ಜೀಕೂ... ಜೋಕಾಲೀ..." ಅಂಗಳಕ್ಕೆ ಅಂಗಳವೇ ಕೈ ಮುಗಿಯಿತು. ತಬಲಾ ಮುದುಕನ ಹೆಜ್ಜೆಯ ಹಾಗೆ ಬಿತ್ತು. ಬೀರವ್ವ ಮೊಣಕಾಲು ಒತ್ತಿಕೊಂಡು ಕಣ್ಣು ಮುಚ್ಚಿದಳು. ಮುಗಿಲಾಯಿತು, ಮಣ್ಣಾಯಿತು, ಹಗ್ಗ ಬಂತು. "ತೂಗೀ ಬಿಟ್ಟವರ್ ಯಾರೂ..." ಎಂಬಲ್ಲಿಗೆ ಗೀರು ಸಿಕ್ಕಿತು.

"ಯಾರೂ... ಯಾರೂ... ಯಾರೂ..."

"ನೀನಪಾ, ನೀನ!" ಎಂದಿತು ಊರು ಒಂದೇ ಬಾಯಲ್ಲಿ.

"ಯಾರೂ... ಯಾರೂ..."

"ನೀನಪಾ ಅಜ್ಜಾ, ನೀನ!"

ಅಡುಗೆಮನೆಯ ಬಾಗಿಲಲ್ಲಿ ಕಲ್ಯಾಣಮ್ಮ ಬಂದು ನಿಂತರು. ಗಿರಣಿ ಮಂದಿ ಚಹಾ ಹೀರುತ್ತ ಕೇಳುತ್ತಿದ್ದರೆಂಬ ಮಾತು ಒಳಗೆ ಹೊಕ್ಕಮೇಲೆ ರೊಟ್ಟಿ ಬಡಿಯಲಾಗಿರಲಿಲ್ಲ. "ಯಾರೂ... ಯಾರೂ..." ಎಂದು ಪ್ಲೇಟು ಕೇಳುತ್ತಲೇ ಇತ್ತು.

"ನಾನು," ಎಂದರು ಕಲ್ಯಾಣಮ್ಮ.

ಯಾರಿಗೂ ಅರ್ಥವಾಗಲಿಲ್ಲ. ಅವರು ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು, ಮುಳ್ಳನ್ನು ಎತ್ತಿ ಮೊದಲಿಗೆ ಇಟ್ಟು, ಹಿಟ್ಟು ಹತ್ತಿದ ಬೆರಳಿನಿಂದಲೇ ಕಡ್ಡಿಯನ್ನು ನಲವತ್ತೈದಕ್ಕೆ ತಳ್ಳಿಬಿಟ್ಟರು.

ಹದಿನಾರು ವರ್ಷದ ಹುಡುಗಿಯೊಬ್ಬಳು ಜೀಕುತ್ತ ಪಡಸಾಲೆಗೆ ಬಂದಳು. ಜೋಕಾಲಿ ಹಾರಿತು, ತಬಲಾ ಕುಣಿಯಿತು. ಓಣಿ, ಹೋಟೆಲು, ಹಿತ್ತಾಳೆಯ ಹಾಲಿನ ತಂಬಿಗೆ, ಎಲ್ಲವೂ ರಾಯರ ಕಣ್ಣ ಮುಂದೆ ಬಂದು ನಿಂತವು. ಶಾಲಿನಲ್ಲಿ ಮುಖ ಮುಚ್ಚಿಕೊಂಡು ರಾಯರು ಅತ್ತೇಬಿಟ್ಟರು.

"ಮಷೀನ ಕೆಟ್ಟೈತಿ," ಎಂದ ಗುರುನಾಥ.

"ಕೆಟ್ಟಿಲ್ಲೋ ಹುಚ್ಚಾ, ಅಜ್ಜಾರು ಹೆಣ್ಣಿನ ರೂಪಾ ತಾಳ್ಯಾರ!" ಎಂದು ಅಮೋಗಸಿದ್ಧ ನೆಲಕ್ಕೆ ಬಿದ್ದ.

"ಹಂಗಾರ ನನ್ನ ಮೊಣಕಾಲ?" ಎಂದು ಬೀರವ್ವ ಗಾಬರಿಯಾದಳು. "ನಾ ಹರಕಿ ಹೊತ್ತದ್ದ ಗಂಡ ಅಜ್ಜಾಗ!"

"ಅಜ್ಜಾರೂ ಇಲ್ಲ, ರೂಪಾನೂ ಇಲ್ಲ. ಹಾಡ್ಯಾಕಿ ನಾನ," ಎಂದು ಕಲ್ಯಾಣಮ್ಮ ಗಂಡನ ಕಡೆ ತಿರುಗಿ ಕೈ ಜೋಡಿಸಿದರು. "ನಿಮ್ಮ ಕಡಿಂದ ಐವತ್ತ ವರ್ಷ ಸುಳ್ಳ ಪೂಜಿ ಮಾಡಿಸೀನ್ರಿ. ಬಯ್ಯೂದಿದ್ರ ಬಯ್ಯಿರಿ."

ಅಮೃತಪ್ಪಗೌಡರು ಎದ್ದರು. ಮುಳ್ಳನ್ನು ಎತ್ತಿ, ಧೋತರದ ಚುಂಗನ್ನು ನೀರಲ್ಲಿ ಅದ್ದಿ, ಪ್ಲೇಟಿನ ನಡುವಿನ ಗಂಧವನ್ನು ಮೆಲ್ಲಗೆ ಒರೆಸಿದರು. ಹಳದಿ ಕಾಗದ ಕಂಡಿತು. ಬೆರಳಿಟ್ಟು ಓದಿದರು. "ಕುಮಾರಿ ಕಲ್ಯಾಣಿ, ಕುರನೂರ."

"ನಿಮಗ... ಓದಾಕ...?"

"ಕನ್ನಡ ಸಾಲಿ ನಾಕನೇ ಇಯತ್ತಾ ಪಾಸ ಆಗೀನಿ. ಲಗ್ನದ ಮೂರನೇ ದಿನಕ್ಕ ಓದೀನಿ." ಗೌಡರು ಈಗ ನಗುತ್ತಿದ್ದರು. "ನಮ್ಮಪ್ಪಾಗ ಅಕ್ಷರ ಬರತಿದ್ದಿಲ್ಲ. ಬ್ಯಾರೇ ಯಾರರೆ ಓದಿಗೀದ್ಯಾರು ಅಂತ ದಪ್ಪಗ ಗಂಧ ಮೆತ್ತಿದ್ನಿ. ಸೊಸಿ ದನಿ ಪಡಸಾಲಿಗಿ ಬರಬಾರದು ಅಂತಿದ್ದ ನಮ್ಮಪ್ಪ. ಇಪ್ಪತ್ತ ವರ್ಷ ದಿನಾ ಮುಂಜಾನಿ ಅದ ಸೊಸಿ ಹಾಡಿಗಿ ಅಡ್ಡಬಿದ್ದ. ಅಂಥಾ ಮಜಾ ನಾ ಯಾಕ ಕೆಡಸಲಿ?"

ಕಲ್ಯಾಣಮ್ಮ ನಗಬೇಕೋ ಬಯ್ಯಬೇಕೋ ತಿಳಿಯದೆ, "ಐವತ್ತ ವರ್ಷ ನನಗ ಒಂದ ಮಾತ ಹೇಳಲಿಲ್ಲಲ್ರಿ!" ಎಂದರು.

"ನೀ ಹೇಳಿದ್ದಿ?"

ರಾಯರು ಮೂಗೊರೆಸಿಕೊಂಡು, ಸಾಲೆಯಲ್ಲಿ ಕೈ ಎತ್ತುವ ಹುಡುಗನ ಹಾಗೆ ಒಂದು ಬೆರಳು ಎತ್ತಿದರು. "ಅಕ್ಕಾರ... ಮೂರನೇದು?"

ಕಲ್ಯಾಣಮ್ಮ ಗಂಡನ ಮುಖ ನೋಡಿದರು. ಗೌಡರು ಜಗಲಿಯ ಪಕ್ಕದ ಮಣೆ ಎಳೆದು ಪಡಸಾಲೆಯ ನಡುವೆ ಹಾಕಿದರು. ಶಿವಶರಣಪ್ಪಗೌಡರು ಕೂರುತ್ತಿದ್ದ ಜಾಗವದು. ಕಲ್ಯಾಣಮ್ಮ ಕೂತರು, ಕಣ್ಣು ಮುಚ್ಚಿದರು, ಹಾಡಿದರು.

ಹಗ್ಗಾ ಹಿಡದಾಕಿ ಅವ್ವ, ತೂಗಿ ಬಿಟ್ಟಾಂವ ಅಪ್ಪ,
ಹಾರಿ ಬಿದ್ದೀನಿ ದೂರ, ಹುಡುಕಬ್ಯಾಡ್ರಿ ನನ್ನ.

ಐವತ್ತು ವರ್ಷ ಒಲೆಯ ಹೊಗೆ ಕುಡಿದ ಗಂಟಲು. ದನಿ ದಪ್ಪ, ನಿಧಾನ, ಒಂದೊಂದು ಅಕ್ಷರಕ್ಕೂ ಉಸಿರು. ಬಾವಿಯ ತಳದಿಂದ ಎದ್ದು ಬಂದಂಥ ದನಿ. ಮೊದಲು ಬೀರವ್ವನಿಗೆ ತಿಳಿಯಿತು, ಆಮೇಲೆ ಅಮೋಗಸಿದ್ಧನಿಗೆ, ಆಮೇಲೆ ಎಲ್ಲರಿಗೂ. ಇದು ಅದೇ. ಅಜ್ಜಾರದೇ. ಊರು ಮತ್ತೆ ಕೈ ಮುಗಿಯಿತು.

"ನೋಡ್ರಿ," ಎಂದರು ಗೌಡರು ರಾಯರ ಕಿವಿಯಲ್ಲಿ, "ಈಗ ಬಂದ್ರು ಅಜ್ಜಾರು."

ರಾಯರು ಸಂಜೆ ಸೋಲಾಪುರಕ್ಕೆ ಮರಳಿದಾಗ ಕೈಯಲ್ಲಿ ಪ್ಲೇಟಿರಲಿಲ್ಲ. ಗೌಡರು ಕೊಡಲು ಬಂದಿದ್ದರು, ರಾಯರೇ ಬೇಡವೆಂದರು. ಅಷ್ಟೇ ಅಲ್ಲ, ಮಷೀನನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಶಾಲು, ಎರಡು ತೆಂಗಿನಕಾಯಿ, ಹನ್ನೆರಡು ಸಜ್ಜೆ ರೊಟ್ಟಿ ತಂದಿದ್ದರು. ಗೋಪಿಕಾಬಾಯಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಮುಂದಿನ ಸೋಮವಾರ ಬೆಳಿಗ್ಗೆ ಏಳಕ್ಕೆ ಫೋನು ಬಂತು. "ಕಾಕಾ, ಕೇಳ್ರಿ," ಎಂದು ಸೋನಾಲಿ ಮೊಬೈಲನ್ನು ಜಗಲಿಯ ಕಡೆ ಹಿಡಿದಳು. ಹುಡುಗಿಯ ಹಾಡು ಬಂತು. ಗೀರು ಬಂತು. ಯಾರು ಯಾರು ಯಾರು ಎಂದು ಪ್ಲೇಟು ಕೇಳತೊಡಗಿತು.

"ನಾನ ಅದೀನಿ, ರೊಟ್ಟಿ ಬಡ್ಯಾಕತ್ತೀನಿ, ತಡೀರಿ!" ಎಂದು ಅಡುಗೆಮನೆಯಿಂದ ಉತ್ತರ ಬಂತು. ಮಂದಿ ನಕ್ಕದ್ದು ಕೇಳಿತು. ಆಮೇಲೆ ದಪ್ಪ ದನಿಯಲ್ಲಿ ಮೂರನೆಯ ನುಡಿ.

ಒಲೆಯ ಮೇಲೆ ಹಾಲಿಗೆ ಕಾವಲು ನಿಂತಿದ್ದ ರಾಯರು ಕೊನೆಯ ಅಕ್ಷರದ ತನಕ ಅಲ್ಲಾಡಲಿಲ್ಲ. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಗೋಪಿಕಾಬಾಯಿ ಬಯ್ಯುತ್ತಲೇ ಬಂದವರು ಅರ್ಧಕ್ಕೆ ನಿಂತು, ಗ್ಯಾಸು ಆರಿಸಿ, ಫೋನಿನ ಹತ್ತಿರ ಕಿವಿ ತಂದರು.

"ಇನ್ನೊಮ್ಮೆ ಹಾಡಂತ ಹೇಳ್ರಿ ಆಕಿಗೆ," ಎಂದರು.